ಜಯಲತಾ ಬಾಯಿ ಬಿಡದ ಮಳೆಗಾಲ

ಮುಂಬಯಿ ಬಳಿಯ ಡೊಂಬಿವಲಿಯ ಜಯಲತಾಳನ್ನು ಅವಳ ಗಂಡನ ಕಡೆಯವರು ಈಗಲೂ ಕಲ್ಲೆದೆಯವಳು ಎನ್ನುತ್ತಾರೆ. ಆ ಮಾತು ಅವಳ ಕಿವಿಗೂ ಬಿದ್ದಿದೆ. ಅವಳು ಅದನ್ನು ಅಲ್ಲಗಳೆಯಲು ಹೋಗಿಲ್ಲ.

ಕಾರ್ಕಳದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಬಂದವಳು ಅವಳು. ಗಂಡ ಕಮಲಾಕ್ಷ ಬಾಯಿ ಸತ್ತ ಮನುಷ್ಯ, ಅಣ್ಣ ಪ್ರೇಮನಾಥ ಹಾಕಿದ ಗೆರೆ ದಾಟುವವನಲ್ಲ. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಪ್ರೇಮನಾಥನ ಹೋಟೆಲು. ಸುತ್ತಲಿನ ಕಾರ್ಖಾನೆಯವರು, ಆಫೀಸಿನವರು ಎಲ್ಲ ಅಲ್ಲೇ ತಿಂಡಿಗೆ ಬರುವವರು. ಕಮಲಾಕ್ಷ ಗಲ್ಲಾದಲ್ಲಿ ಕೂರುತ್ತಿದ್ದ. ಒಮ್ಮೆ ಅಡಿಗೆಭಟ್ಟ ಹೇಳದೆ ಕೇಳದೆ ಊರಿಗೆ ಹೋದಾಗ ನಾಲ್ಕು ದಿನದ ಮಟ್ಟಿಗೆಂದು ಜಯಲತಾಳನ್ನು ಕರೆಸಿದರು. ಅವಳ ಸಾಂಬಾರಿನ ರುಚಿ ಹತ್ತಿದ ಗಿರಾಕಿಗಳು ಬೇರೆಯವರ ಕೈಯಡಿಗೆ ಒಪ್ಪಲಿಲ್ಲ. ಹಾಗೆ ಬಂದವಳು ವರ್ಷಗಟ್ಟಲೆ ಅಲ್ಲೇ ಉಳಿದಳು. ಬೆಳಗಾಗುವ ಮುಂಚೆ ಲೋಕಲ್ ಹಿಡಿದು ಹೋಗುವುದು, ಮಧ್ಯಾಹ್ನದ ಗದ್ದಲ ಮುಗಿಸಿ ಬರುವುದು. ಆ ಅಡಿಗೆಮನೆ ತನ್ನದು ಎಂದೇ ಅವಳು ತಿಳಿದಿದ್ದಳು.

ಒಂದು ಮಳೆಗಾಲದ ಬೆಳಿಗ್ಗೆ ಹಿತ್ತಿಲ ಮೆಟ್ಟಿಲಿನಲ್ಲಿ ದೋಸೆಹಿಟ್ಟಿನ ಪಾತ್ರೆ ಹಿಡಿದುಕೊಂಡು ಇಳಿಯುವಾಗ ಕಾಲು ಜಾರಿತು. ಪಾತ್ರೆ ಕೈಬಿಟ್ಟು ಬಲ ಪೃಷ್ಠದ ಮೇಲೆ ಧೊಪ್ಪನೆ ಕೂತಳು. ಸದ್ದು ಕೇಳಿ ಓಡಿಬಂದ ಪ್ರೇಮನಾಥ ಮೊದಲು ನೋಡಿದ್ದು ಮೆಟ್ಟಿಲ ಮೇಲೆ ಹರಿಯುತ್ತಿದ್ದ ಹಿಟ್ಟನ್ನು.

"ಇಡೀ ದಿನದ ಹಿಟ್ಟು ಹೋಯಿತಲ್ಲ ಮಾರಾಯ್ತಿ" ಎಂದ. ಆಮೇಲೆ, "ಏಳು, ಏಳು, ಗಿರಾಕಿಗಳು ಕಾಯ್ತಿದ್ದಾರೆ."

ಅವಳು ಎದ್ದಳು. ಅವತ್ತಿನ ಕೆಲಸವನ್ನೂ ಮುಗಿಸಿದಳು. ನೋವು ಮಾತ್ರ ಅಲ್ಲಿಂದ ಹೋಗಲಿಲ್ಲ.

ಅದು ಬೆನ್ನುನೋವಲ್ಲ, ಕಾಲುನೋವೂ ಅಲ್ಲ. ಸೊಂಟದ ಕೆಳಗೆ, ಬಲಬದಿಯ ಗುಳಿಯ ಹತ್ತಿರ, ಒಂದು ಬೆರಳಿಟ್ಟು ತೋರಿಸಬಹುದಾದಷ್ಟು ಸಣ್ಣ ಜಾಗ. ಕುರ್ಚಿಯಲ್ಲಿ ಸರಿಯಾಗಿ ಕೂರಲು ಆಗದು, ಎಡಗಡೆ ಭಾರ ಹಾಕಿ ಓರೆಯಾಗಿ ಕೂರಬೇಕು. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಯಾರೋ ಒಳಗೆ ಉಳಿ ಇಟ್ಟು ಹೊಡೆದ ಹಾಗೆ. ಸ್ಟೇಷನ್ನಿನ ಸೇತುವೆ ಹತ್ತುವಾಗ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು. ಎಕ್ಸ್‌ರೇ ತೆಗೆಸಿದರು, ಬೆನ್ನಿನ ಎಂ.ಆರ್.ಐ. ಮಾಡಿಸಿದರು. ಎಲ್ಲ ನಾರ್ಮಲ್. ಒಬ್ಬ ಡಾಕ್ಟರು ಬೆಲ್ಟು ಕೊಟ್ಟ, ಇನ್ನೊಬ್ಬ ತೂಕ ಇಳಿಸಿ ಎಂದ, ಮತ್ತೊಬ್ಬ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದ.

ಪ್ರೇಮನಾಥನಿಗೆ ಅಷ್ಟೇ ಸಾಕಾಯಿತು. "ಡಾಕ್ಟರಿಗೇ ಕಾಣದ ನೋವು ಇವಳಿಗೆ ಎಲ್ಲಿಂದ ಬಂತು? ಅಡಿಗೆಮನೆ ತಪ್ಪಿಸಲಿಕ್ಕೆ ನಾಟಕ" ಎಂದು ಗಲ್ಲಾದಲ್ಲಿ ಕೂತ ತಮ್ಮನೆದುರೇ ಹೇಳಿದ. ಕಮಲಾಕ್ಷ ಚಿಲ್ಲರೆ ಎಣಿಸುತ್ತ ತಲೆ ಎತ್ತಲಿಲ್ಲ.

ಅದನ್ನೂ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಕೋಪರಖೈರಣೆಯ ಸಭಾಗೃಹದಲ್ಲಿ ಪ್ರೇಮನಾಥನ ಮಗ ಸಮಿತ್‌ನ ನಿಶ್ಚಿತಾರ್ಥ ನಡೆಯಿತು. ಊಟದ ನಂತರ ನೋವು ತಡೆಯಲಾರದೆ ಜಯಲತಾ ಒಳಕೋಣೆಯಲ್ಲಿ ಚಾಪೆ ಹಾಸಿ ಮಲಗಿದ್ದಳು. ಹೊರಗೆ ನಗು ಕೇಳಿಸಿತು. ಏನೆಂದು ನೋಡಲು ಬಾಗಿಲಿಗೆ ಬಂದರೆ, ಸಭಾಗೃಹದ ನಡುವೆ ಪ್ರೇಮನಾಥ ಸೊಂಟದ ಮೇಲೆ ಕೈಯಿಟ್ಟು, ಮುಖ ಹಿಂಡಿಕೊಂಡು, ಕಾಲೆಳೆಯುತ್ತ ನಡೆದು ತೋರಿಸುತ್ತಿದ್ದ. "ಅಯ್ಯೋ ನನ್ನ ಸೊಂಟ, ಭಾವ, ಇವತ್ತು ಇಡ್ಲಿ ಆಗುವುದಿಲ್ಲ" ಎಂದು ಹೆಣ್ಣುದನಿ ತೆಗೆದ. ಊರಿಂದ ಬಂದ ನೆಂಟರು ಹೊಟ್ಟೆ ಹಿಡಿದು ನಗುತ್ತಿದ್ದರು. ಅವರ ನಡುವೆ ಕಮಲಾಕ್ಷನೂ ನಗುತ್ತಿದ್ದ.

ಜಯಲತಾ ಯಾರಿಗೂ ಕಾಣಿಸಿಕೊಳ್ಳದೆ ಒಳಗೆ ಹೋಗಿ ಮತ್ತೆ ಮಲಗಿದಳು. ಅಳು ಬರಲಿಲ್ಲ. ಈ ಮನುಷ್ಯನಿಗೆ ಒಂದು ದಿನ ತಾನು ಕೊಡುವುದಿದೆ ಎಂದು ಮಾತ್ರ ಅನ್ನಿಸಿತು. ಏನು, ಹೇಗೆ, ಗೊತ್ತಿರಲಿಲ್ಲ.

ಠಾಣೆಯ ಡಾಕ್ಟರ್ ಪೇಂಡ್ಸೆಯನ್ನು ಹುಡುಕಿದವಳು ಮಗಳು ಸೋನಾಲಿ. ಐರೋಳಿಯ ಕಂಪನಿಯಲ್ಲಿ ಕೆಲಸ ಮಾಡುವ ಹುಡುಗಿ, ತಾಯಿ ಕನ್ನಡದಲ್ಲಿ ಕೇಳಿದರೆ ಮರಾಠಿಯಲ್ಲಿ ಉತ್ತರ ಕೊಡುವವಳು. ಡಾಕ್ಟರಮ್ಮ ರಿಪೋರ್ಟುಗಳನ್ನು ಬದಿಗಿಟ್ಟು, "ನೋವೆಲ್ಲಿ, ಒಂದೇ ಬೆರಳಲ್ಲಿ ತೋರಿಸಿ" ಎಂದರು. ಆಮೇಲೆ ಮಲಗಿಸಿ, ಕಾಲು ಮಡಚಿ, ಸೊಂಟದ ಎಲುಬು ಒತ್ತಿ ನೋಡಿದರು. ಬೆನ್ನುಮೂಳೆಯ ತುದಿ ಸೊಂಟದ ಎಲುಬಿಗೆ ಕೂಡುವಲ್ಲಿ ಒಂದು ಕೀಲಿದೆ; ಅದು ಬಹಳ ಅಲುಗಾಡಬಾರದು; ಬಿದ್ದ ಪೆಟ್ಟಿಗೆ ನಿಮ್ಮದು ಕೆಟ್ಟಿರಬಹುದು; ಬೆನ್ನಿನ ಫೋಟೋದಲ್ಲಿ ಯಾರೂ ಅಲ್ಲಿ ನೋಡುವುದಿಲ್ಲ ಎಂದರು. ಖಚಿತ ಮಾಡಿಕೊಳ್ಳಲು ಆ ಕೀಲಿಗೇ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರು. ನೋವು ಹೋದರೆ ಜಾಗ ಅದೇ ಎಂದು ಅರ್ಥ.

ಸ್ವಲ್ಪ ಹೊತ್ತಿನಲ್ಲಿ ಜಯಲತಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಎದ್ದಳು. ಮತ್ತೆ ಕೂತಳು. ಇದು ಕೆಲವು ತಾಸು ಮಾತ್ರ, ಮರಗಟ್ಟಿದ್ದು ಇಳಿದ ಮೇಲೆ ನೋವು ವಾಪಸು ಬರುತ್ತದೆ ಎಂದು ಡಾಕ್ಟರು ಹೇಳುತ್ತಿದ್ದರು. ಅವಳು ಕೇಳಿಸಿಕೊಳ್ಳುತ್ತಿರಲಿಲ್ಲ.

"ರಿಕ್ಷಾ ಹಿಡಿ. ವಾಗ್ಳೆ ಎಸ್ಟೇಟಿಗೆ" ಎಂದಳು ಮಗಳಿಗೆ.

"ಕಶಾಲಾ, ಅಮ್ಮಾ?" ಯಾಕೆಂದು ಕೇಳಿದಳು ಸೋನಾಲಿ.

"ನೋವು ಇತ್ತು ಅಂತ ಅವರಿಗೆ ಹೇಳಬೇಕು."

ಮಧ್ಯಾಹ್ನದ ಊಟದ ಹೊತ್ತು, ಹೋಟೆಲು ತುಂಬಿತ್ತು. ಜಯಲತಾ ಕಾಲೆಳೆಯದೆ ನಡೆದುಹೋಗಿ ಪ್ರೇಮನಾಥನ ಮುಂದೆ ನಿಂತಳು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿದಳು. ಪ್ರೇಮನಾಥ ಅವಳನ್ನು ಮೇಲಿಂದ ಕೆಳಗೆ ನೋಡಿ ನಕ್ಕ.

"ಒಂದು ಸೂಜಿಗೆ ಹೋಗುವ ನೋವಿಗಾ ಇಷ್ಟು ವರ್ಷ ಕುಣಿಸಿದ್ದು? ನಾನು ಹೇಳಿದ್ದು ಸುಳ್ಳಾ ಹಾಗಾದರೆ?" ಎಂದು ಪಕ್ಕದ ಮೇಜಿನ ಖಾಯಂ ಗಿರಾಕಿಯನ್ನು ಕೇಳಿದ. ಆ ಗಿರಾಕಿಯೂ ನಕ್ಕ.

ವಾಪಸು ಬರುವಾಗ ರೈಲಿನಲ್ಲಿ ದಿವಾ ಸ್ಟೇಷನ್ ದಾಟುವಷ್ಟರಲ್ಲಿ ಇಂಜೆಕ್ಷನ್ ಇಳಿದಿತ್ತು. ಹಲ್ಲು ಕಚ್ಚಿಕೊಂಡು ಕೂತಿದ್ದ ತಾಯಿಯ ಮುಖ ನೋಡಿ ಸೋನಾಲಿಗೆ ಹೆದರಿಕೆಯಾಯಿತು.

ಆಪರೇಷನ್ ಎಂದಾಗ ಕಮಲಾಕ್ಷ, "ಅಣ್ಣನ ಹತ್ತಿರ ಒಂದು ಮಾತು ಕೇಳ್ತೇನೆ" ಎಂದ.

"ಕೇಳಿ. ಅಷ್ಟರಲ್ಲಿ ನಾನು ಸಹಿ ಹಾಕಿರ್ತೇನೆ" ಎಂದಳು ಜಯಲತಾ.

ಪೃಷ್ಠದ ಬದಿಯಲ್ಲಿ ಸಣ್ಣದೊಂದು ಗಾಯ ಮಾಡಿ, ಸೊಂಟದ ಎಲುಬಿನ ಮೂಲಕ ಒಳಗಿನ ಎಲುಬಿನವರೆಗೆ ಮೂರು ಟೈಟಾನಿಯಂ ಕಡ್ಡಿಗಳನ್ನು ಅಡ್ಡಡ್ಡ ತೂರಿಸಿದರು. ಬೆರಳುದ್ದದ, ಮುಮ್ಮೂಲೆಯ, ದೊರಗು ಮೈಯ ಕಡ್ಡಿಗಳು. ಕೀಲು ಅಲುಗಾಡದ ಹಾಗೆ ಅವು ಹಿಡಿದಿಡುತ್ತವೆ, ಕಾಲ ಕಳೆದ ಹಾಗೆ ಎಲುಬು ಆ ದೊರಗಿಗೆ ಕಚ್ಚಿಕೊಂಡು ಬೆಳೆಯುತ್ತದೆ. ಎಲ್ಲರಿಗೂ ಪೂರ್ತಿ ಗುಣವಾಗುತ್ತದೆಂದು ಮಾತು ಕೊಡಲಾರೆ ಎಂದು ಡಾಕ್ಟರ್ ಪೇಂಡ್ಸೆ ಮೊದಲೇ ಹೇಳಿದ್ದರು. ಜಯಲತಾಳಿಗೆ ಗುಣವಾಯಿತು. ವಾಕರ್ ಹಿಡಿದು ನಡೆದಳು, ಕೋಲು ಹಿಡಿದು ನಡೆದಳು, ಕೊನೆಗೆ ಏನೂ ಹಿಡಿಯದೆ ನಡೆದಳು. ಓರಗಿತ್ತಿ ಭಾಗ್ಯಕ್ಕ ಒಮ್ಮೆ ಬಾಳೆಹಣ್ಣು ತಂದು ನೋಡಿಹೋದಳು. ಪ್ರೇಮನಾಥ ಬರಲಿಲ್ಲ, ಫೋನೂ ಮಾಡಲಿಲ್ಲ. ಜಯಲತಾ ಮತ್ತೆ ಆ ಹೋಟೆಲಿನ ಮೆಟ್ಟಿಲು ತುಳಿಯಲಿಲ್ಲ. ಡೊಂಬಿವಲಿಯಲ್ಲೇ ಒಂದು ಶಾಲೆಯ ಕ್ಯಾಂಟೀನು ಹಿಡಿದಳು.

ಕೆಲವು ವರ್ಷಗಳ ನಂತರ ಪ್ರೇಮನಾಥನಿಗೇ ಬೆನ್ನಿನ ಆಪರೇಷನ್ ಆಯಿತು. ಸವೆದ ಬೆನ್ನೆಲುಬಿಗೆ ಸ್ಕ್ರೂ ಹಾಕಿ ಕೂಡಿಸಿದರು. ಸ್ವಲ್ಪ ಕಾಲ ಚೆನ್ನಾಗಿದ್ದ, ಆಮೇಲೆ ಮತ್ತೆ ನೋವು ಎಂದು ಸುದ್ದಿ ಬಂತು. ಆ ವರ್ಷದ ಮಳೆಗಾಲದ ಮೊದಲಲ್ಲಿ ಸಮಿತ್‌ನ ಹೆಂಡತಿ ಪ್ರಕೃತಿಗೆ ಹೆರಿಗೆಯಾಗಿ, ಮಗುವನ್ನು ನೋಡಲು ಜಯಲತಾ ಕೋಪರಖೈರಣೆಯ ಅವರ ಮನೆಗೆ ಹೋದಳು.

ಪ್ರೇಮನಾಥ ಸೋಫಾದ ತುದಿಯಲ್ಲಿ ಎಡಗಡೆಗೆ ವಾಲಿ ಕೂತಿದ್ದ. ಏಳುವಾಗ ಎರಡು ಕೈಯೂರಿ ಎದ್ದ.

"ರಿಪೋರ್ಟ್ ಸಬ್ ನಾರ್ಮಲ್ ಹೈ ಚಾಚೀ" ಎಂದ ಸಮಿತ್. "ಸ್ಕ್ರೂ ಸರಿಯಾಗೇ ಇದೆಯಂತೆ. ಪಪ್ಪಾ ಜ್ಯಾದಾ ಸೋಚ್ತೇ ಹೈ."

"ಯೋಚನೆ ಅಲ್ಲವೋ, ನೋವು. ಇಲ್ಲಿ" ಎಂದು ಪ್ರೇಮನಾಥ ಸೊಂಟದ ಕೆಳಗೆ ಬೆರಳಿಟ್ಟು ತೋರಿಸಿದ. ಒಂದೇ ಬೆರಳು.

ಜಯಲತಾ ಮಡಿಲಲ್ಲಿದ್ದ ಮಗುವಿನ ಟೊಪ್ಪಿ ಸರಿಮಾಡಿದಳು. ಎದೆಯೊಳಗೆ ತಣ್ಣಗೆ ಏನೋ ಇಳಿದ ಹಾಗಾಯಿತು. ಕನಿಕರ ಅಲ್ಲ ಅದು. ಇಷ್ಟು ವರ್ಷ ಕಾದದ್ದು ತಾನಾಗಿ ಮನೆಬಾಗಿಲಿಗೆ ಬಂದಿದೆ ಎಂಬ ಸಮಾಧಾನ. ವಾಪಸು ಬರುವಾಗ, ರೈಲು ಬದಲಿಸುವ ಠಾಣೆಯ ಪ್ಲಾಟ್‌ಫಾರ್ಮಿನಲ್ಲಿ ಬಟಾಟೆವಡೆ ಕೊಂಡು ನಿಂತಲ್ಲೇ ತಿಂದಳು. ಅಷ್ಟು ರುಚಿಯಾಗಿ ಅವಳು ಏನನ್ನಾದರೂ ತಿಂದು ಬಹಳ ಕಾಲವಾಗಿತ್ತು.

ಆಮೇಲೆ ಅವಳು ವಾರವಾರ ಹೋಗತೊಡಗಿದಳು. ಕೆಸುವಿನೆಲೆಯ ಪತ್ರೊಡೆ ಮಾಡಿ ತೆಗೆದುಕೊಂಡು ಹೋಗುವಳು, ಮಗುವನ್ನು ಎತ್ತಿ ಆಡಿಸುವಳು, ಪ್ರೇಮನಾಥನ ಎದುರಿನ ಕುರ್ಚಿಯಲ್ಲಿ ನೆಟ್ಟಗೆ ಕೂತು ವಿಚಾರಿಸುವಳು.

"ಮೆಟ್ಟಿಲು ಹತ್ತುವಾಗ ಜಾಸ್ತಿಯಾ ಭಾವ?"

"ಜಾಸ್ತಿ."

"ಮಗ್ಗುಲು ಬದಲಿಸುವಾಗ ಉಳಿ ಹೊಡೆದ ಹಾಗೆ?"

"ಹೌದು ಮಾರಾಯ್ತಿ. ಅದು ನಿನಗೆ ಹೇಗೆ ಗೊತ್ತು?"

"ಸುಮ್ಮನೆ ಕೇಳಿದೆ."

ಅವಳಿಗಾದ ಆಪರೇಷನ್ ಏನೆಂದು ಅವನು ಎಂದೂ ಕೇಳಿದವನಲ್ಲ, ಹೇಳಲು ಬಂದ ದಿನ ಕಿವಿಗೊಟ್ಟವನಲ್ಲ. ಹಾಗಾಗಿ ಅವನಿಗೆ ಹೊಳೆಯಲಿಲ್ಲ. ಭಾಗ್ಯಕ್ಕ ಮಾತ್ರ, ಹಳೆಯದನ್ನೆಲ್ಲ ಮರೆತು ಬರುತ್ತಿದ್ದಾಳಲ್ಲ ಪುಣ್ಯಾತ್ಗಿತ್ತಿ ಎಂದು ಕಣ್ಣಲ್ಲಿ ನೀರು ತಂದುಕೊಂಡಳು.

ಸೋನಾಲಿ ಒಮ್ಮೆ ಜೊತೆಗೆ ಬಂದು ದೊಡ್ಡಪ್ಪ ಕೂರುವುದನ್ನು ನೋಡಿದಳು. ಸ್ಟೇಷನ್ನಿಗೆ ನಡೆಯುವಾಗ ತಾಯಿಯ ತೋಳು ಹಿಡಿದು ನಿಲ್ಲಿಸಿದಳು.

"ಅಮ್ಮಾ, ತುಲಾ ಮಾಹೀತ್ ಆಹೇ ನಾ?"

"ಗೊತ್ತು."

"ಮತ್ತೆ ಹೇಳ್ಲಿಲ್ಲ ಯಾಕೆ?" ಸಿಟ್ಟಿನಲ್ಲಿ ಅವಳ ಬಾಯಲ್ಲಿ ಕನ್ನಡವೇ ಬಂದಿತ್ತು.

"ನನಗೂ ಯಾರೂ ಹೇಳಿರಲಿಲ್ಲ. ನೀನು ಬೇಕಾದರೆ ಹೇಳು. ಆದರೆ ಹೇಳಿದರೆ ನನ್ನ ಹತ್ತಿರ ಮಾತಾಡಬೇಡ."

ಸೋನಾಲಿ ಹೇಳಲಿಲ್ಲ. ಆದರೆ ಮತ್ತೆ ಆ ಮನೆಗೆ ಜೊತೆಗೆ ಬರಲೂ ಇಲ್ಲ.

ಚೌತಿ ಹತ್ತಿರ ಬಂದಾಗ ಭಾಗ್ಯಕ್ಕನಿಗೇ ಸಂಶಯ ಹತ್ತಿತು. ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದವಳು ಕೈ ನಿಲ್ಲಿಸಿ, "ಜಯಾ, ನಿನಗಾದದ್ದೂ ಇದೇ ಅಲ್ವಾ? ನೀನೂ ಹೀಗೇ ಓರೆ ಕೂರ್ತಿದ್ದೆ" ಎಂದಳು.

"ಹೌದು ಅಕ್ಕ."

"ಯಾವ ಡಾಕ್ಟರು?"

"ಭಾವ ಕೇಳಲಿ. ಹೇಳ್ತೇನೆ."

ಭಾಗ್ಯಕ್ಕ ಅವಳ ಮುಖವನ್ನೇ ನೋಡಿದಳು. ಈ ಪತ್ರೊಡೆ, ಈ ವಿಚಾರಣೆ ಎಲ್ಲ ಯಾಕೆಂದು ಅವಳಿಗೆ ಆಗ ಅರ್ಥವಾಯಿತು.

ಹೆಂಡತಿ ಹೇಳಿದ್ದು ಕೇಳಿ ಪ್ರೇಮನಾಥ ಕುದಿದುಹೋದ. "ಅವಳ ಹತ್ತಿರ ನಾನು ಕೇಳುವುದಾ?" ಎಂದ. ಬೇರೆ ಇಬ್ಬರು ಡಾಕ್ಟರ ಬಳಿ ಹೋದ. ಒಬ್ಬರು ಬೆನ್ನಿನ ಸ್ಕ್ರೂ ಬಿಗಿಯಾಗಿದೆ ಎಂದರು, ಇನ್ನೊಬ್ಬರು ಮಾತ್ರೆ ಬದಲಿಸಿದರು. ನೋವು ಜಗ್ಗಲಿಲ್ಲ. ಹೋಟೆಲಿಗೆ ಹೋಗುವುದು ನಿಂತಿತು.

ಚೌತಿಗೆ ನೆಂಟರೆಲ್ಲ ಕೋಪರಖೈರಣೆಯ ಮನೆಯಲ್ಲಿ ಸೇರಿದರು. ಮಂಗಳಾರತಿ ಮುಗಿದು ಪ್ರಸಾದ ಹಂಚುತ್ತಿದ್ದಾಗ ಸೋಫಾದಿಂದ ಪ್ರೇಮನಾಥನ ದನಿ ಬಂತು.

"ಜಯಾ, ಆ ಡಾಕ್ಟರ ಹೆಸರು ಹೇಳು."

ಜಯಲತಾ ಕೈಯಲ್ಲಿದ್ದ ತಟ್ಟೆಯನ್ನು ಗಂಡನಿಗೆ ಕೊಟ್ಟು ಎದುರಿಗೆ ಬಂದು ನಿಂತಳು. "ಹೇಳ್ತೇನೆ ಭಾವ. ಸಮಿತ್‌ನ ನಿಶ್ಚಿತಾರ್ಥದಲ್ಲಿ ನನ್ನ ಹಾಗೆ ನಡೆದು ತೋರಿಸಿದಿರಿ. ನೋಡಿ ನಕ್ಕವರೆಲ್ಲ ಇಲ್ಲೇ ಇದ್ದಾರೆ. ನನ್ನದು ನಾಟಕ ಆಗಿರಲಿಲ್ಲ ಅಂತ ಅವರಿಗೆ ಹೇಳಿ."

ಪ್ರೇಮನಾಥ ನೆಲ ನೋಡಿಕೊಂಡು ಏನೋ ಗೊಣಗಿದ.

"ಕೇಳಿಸಲಿಲ್ಲ ಭಾವ."

"ನಿನ್ನದು ನಾಟಕ ಆಗಿರಲಿಲ್ಲ."

"ಎದ್ದು ನಿಂತು ಹೇಳಿ. ಹಿಂದೆ ಇರುವವರಿಗೂ ಕೇಳಲಿ."

"ಜಯಾ, ಸಾಕು" ಎಂದ ಕಮಲಾಕ್ಷ. ಅವಳು ತಿರುಗಿಯೂ ನೋಡಲಿಲ್ಲ. ಪ್ರೇಮನಾಥ ಸೋಫಾದ ತೋಳಿಗೆ ಕೈಯೂರಿದ. ಸಮಿತ್ ಹಿಡಿಯಲು ಬಂದರೆ ತಳ್ಳಿದ. ಮುಖವೆಲ್ಲ ಬೆವರು. ಎದ್ದು ನಿಂತು, ಉಸಿರು ಹಿಡಿದು, ಗಟ್ಟಿಯಾಗಿ ಅದೇ ಮಾತನ್ನು ಮತ್ತೆ ಹೇಳಿದ. ಹೇಳಿದವನು ಕೂರಲಾರದೆ ಗೋಡೆಗೆ ಒರಗಿದ. ಒಬ್ಬ ಮುದುಕಿ, "ಶತ್ರುವಿಗೂ ಹೀಗೆ ಮಾಡಬಾರದು" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಎಲ್ಲರ ಕನಿಕರ ಅವನ ಕಡೆಗೆ ತಿರುಗಿತೆಂದು ಜಯಲತಾಳಿಗೆ ಕಂಡಿತು. ತಿರುಗಲಿ ಎಂದುಕೊಂಡಳು. ಆ ಮಾತು ತನಗೆ ಬೇಕಾಗಿತ್ತು, ಸಿಕ್ಕಿತು. ಡಾಕ್ಟರ್ ಪೇಂಡ್ಸೆಯ ಹೆಸರು, ಆಸ್ಪತ್ರೆಯ ದಾರಿ ಎಲ್ಲ ಸಮಿತ್‌ಗೆ ಹೇಳಿ ಚಪ್ಪಲಿ ಮೆಟ್ಟಿಕೊಂಡಳು.

ದಾರಿಯಲ್ಲಿ ಕಮಲಾಕ್ಷ, "ಅಣ್ಣನಿಗೆ ಅಷ್ಟು ಮಾಡಬಾರದಿತ್ತು" ಎಂದ.

"ಅವತ್ತು ನೀವೂ ನಕ್ಕಿದ್ದಿರಿ. ಬಾಗಿಲಲ್ಲಿ ನಿಂತು ನೋಡಿದ್ದೇನೆ" ಎಂದಳು.

ಅವಳಿಗೆ ಅದು ಗೊತ್ತೆಂದು ಅವನಿಗೆ ತಿಳಿದಿರಲಿಲ್ಲ. ಅಂದಿನಿಂದ ಅವನು ಅವಳ ಮುಂದೆ ಅಣ್ಣನ ಹೆಸರನ್ನೂ ಎತ್ತಲಿಲ್ಲ.

ಇಂಜೆಕ್ಷನ್‌ನಲ್ಲಿ ಪ್ರೇಮನಾಥನ ಕೀಲಿನದೇ ನೋವು ಎಂದು ಖಚಿತವಾಗಿ, ದೀಪಾವಳಿ ಕಳೆದ ಮೇಲೆ ಅವನಿಗೂ ಅದೇ ಆಪರೇಷನ್ ಆಯಿತು. ನೋಡಲು ಜಯಲತಾ ಹೋಗಲಿಲ್ಲ. ಭಾಗ್ಯಕ್ಕ ಮಾತು ಬಿಟ್ಟಿದ್ದಳು. ಒಂದು ಸಂಜೆ ಕ್ಯಾಂಟೀನು ತೊಳೆದು ಬೀಗ ಹಾಕುವಾಗ ಪ್ರೇಮನಾಥನ ಫೋನು ಬಂತು. ಇಷ್ಟು ವರ್ಷದಲ್ಲಿ ಅವನಾಗಿ ಅವಳಿಗೆ ಫೋನು ಮಾಡಿದ್ದು ಅದೇ ಮೊದಲು.

"ಬಲಗಡೆಗೆ ಮಲಗಲಿಕ್ಕೆ ಯಾವಾಗ ಆಗುತ್ತದೆ?" ಎಂದು ಕೇಳಿದ. ದನಿ ಸೋತಿತ್ತು.

"ಇನ್ನೂ ಸ್ವಲ್ಪ ಕಾಲ ಬೇಕು. ಕಾಲುಗಳ ನಡುವೆ ದಿಂಬಿಟ್ಟು ಎಡಗಡೆಗೇ ಮಲಗಿ. ಡಾಕ್ಟರು ಹೇಳುವ ಮೊದಲು ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಬೇಡಿ" ಎಂದಳು. ಅದರಲ್ಲಿ ಒಂದಕ್ಷರ ಸುಳ್ಳು ಹೇಳಲಿಲ್ಲ.

"ಜಯಾ," ಎಂದ ಅವನು. "ನೀನು ಮಾಡಿದ ಉಪಕಾರ..."

ಆ ಮಾತು ಮುಗಿಸುವ ಸುಖವನ್ನು ಅವನಿಗೆ ಕೊಡಲು ಅವಳಿಗೆ ಮನಸ್ಸಿರಲಿಲ್ಲ. ಫೋನು ಕಟ್ ಮಾಡಿ, ಚೀಲ ಹೆಗಲಿಗೆ ಹಾಕಿಕೊಂಡು ಮಾರ್ಕೆಟ್ಟಿನ ಕಡೆಗೆ ನಡೆದಳು.