ಮುಳ್ಳು ತೋರಿಸಿದ ನಲವತ್ತು

ಕಳೆದ ವಾರ ಹಬ್ಬುವಾಡದ ನನ್ನ ಕ್ಲಿನಿಕ್ಕಿನ ಕಪಾಟು ಒರೆಸುವಾಗ ಹಳೆಯ ಚರ್ಮದ ಪಟ್ಟಿಯೊಂದು ಕೈಗೆ ಸಿಕ್ಕಿತು. ಇನ್ನೂ ತೆಂಗಿನೆಣ್ಣೆಯ ಕಮಟು ವಾಸನೆ... ಅದರ ಕೊನೆಯ ತೂತು ನಾನೇ ಮೊಳೆಯಿಂದ ಹೊಡೆದದ್ದು. ಬೊಬ್ರುವಾಡದ ಅಕ್ಕನ ಎದೆಗೆ ಆ ಪಟ್ಟಿ ದೊಡ್ಡದಾಗುತ್ತಿತ್ತು.

ಅಕ್ಕ ಎಂದರೆ ಸಂಬಂಧಿಕಳಲ್ಲ. ಅಮದಳ್ಳಿ ಕಡೆ ಮನೆ ಕಟ್ಟುವಲ್ಲಿ ಒಂದೊಂದೂ ಇಪ್ಪತ್ತು ಕಿಲೋ ತೂಗುವ ಕೆಂಪು ಚಿರೆಕಲ್ಲು ಹೊರುತ್ತಿದ್ದ ಹೆಂಗಸು, ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳು. ಮೂರು ವರ್ಷದ ಸೊಂಟನೋವು ಅವಳನ್ನು ಕಲ್ಲು ಬಿಡಿಸಿ ಗೋಡೆಗೆ ನೀರು ಹೊಡೆಯುವ ಕೆಲಸಕ್ಕೆ ಹಚ್ಚಿತ್ತು. ಅದೂ ಎಷ್ಟು ದಿನವೋ. ಮೇಸ್ತ್ರಿಗೆ ಬೇಕಾದದ್ದು ಕಲ್ಲು ಹೊರುವವರು. ಅವಳಿಗೂ ಮತ್ತೆ ಕಲ್ಲು ಹೊರುವಂತಾಗಬೇಕಿತ್ತು, ಅಷ್ಟೇ.

ಆಗಷ್ಟೇ ನನ್ನಲ್ಲಿಗೆ ಬೆನ್ನಿನ ಸ್ನಾಯುಗಳ ಬಲ ಅಳೆಯುವ ಯಂತ್ರ ಬಂದಿತ್ತು. ರೋಗಿಯನ್ನು ಸ್ಟೂಲಿನ ಮೇಲೆ ಕೂರಿಸಿ, ಎದೆಗೆ ಪಟ್ಟಿ ಬಿಗಿದು, ಅದನ್ನು ಎದುರಿನ ಗೋಡೆಯ ಸರಪಳಿಗೆ ಸಿಕ್ಕಿಸುವುದು. ಅವರು ಬೆನ್ನನ್ನು ಹಿಂದಕ್ಕೆ ಎಳೆದಷ್ಟೂ ಗಡಿಯಾರದಂಥ ಬಿಲ್ಲೆಯಲ್ಲಿ ಮುಳ್ಳು ಏರುತ್ತಿತ್ತು. ಅಂಕಿಗಳು ಕಿಲೋದಲ್ಲಿ. ನನಗೆ ಆ ಯಂತ್ರದ ಮೇಲೆ ಎಲ್ಲಿಲ್ಲದ ಹೆಮ್ಮೆ.

ಮೊದಲ ದಿನ ಅವಳು ಎಳೆದದ್ದು ಹದಿನೆಂಟು. ಆಮೇಲೆ ಎರಡು ತಿಂಗಳು ಒಂದು ದಿನವೂ ವ್ಯಾಯಾಮ ತಪ್ಪಿಸಲಿಲ್ಲ. ಕೊನೆಗೊಂದು ದಿನ ಹಲ್ಲುಕಚ್ಚಿ ಎಳೆದು, ಬೆವರಿಳಿಸುತ್ತ ಕೂತಳು.

“ಎಷ್ಟ್ ಕಿಲೋ ಬಂತ್ರಾ, ಡಾಕ್ಟ್ರೆ?”

“ನಲವತ್ತು! ಭರ್ಜರಿ ಆಯ್ತು ಅಕ್ಕ.”

“ಹಂಗಾರೆ ಎರಡು ಕಲ್ಲಾತಲ್ರಾ!”

ತಮಾಷೆಯೆಂದುಕೊಂಡು ನಾನೂ ನಕ್ಕೆ. ನಲವತ್ತು ಕಿಲೋ ಎಂದು ಚೀಟಿ ಬರೆದುಕೊಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮುಳ್ಳು ಹೇಳಿದ್ದು ಕೂತಲ್ಲೇ ಒಂದು ಗಳಿಗೆ ಎಳೆದ ಬಲವನ್ನು. ತಲೆಯ ಮೇಲಿಟ್ಟುಕೊಂಡು ಕಟ್ಟಡದ ಹಲಗೆ ಹತ್ತಿ ಇಳಿಯುವ ಭಾರವನ್ನಲ್ಲ. ಅದನ್ನು ನಾನು ಬಿಡಿಸಿ ಹೇಳಲಿಲ್ಲ. ಗೊತ್ತಿರುತ್ತದೆ ಎಂದುಕೊಂಡೆನೋ, ಹೆಮ್ಮೆಯಲ್ಲಿ ಮರೆತೆನೋ...

ಹದಿನೈದು ದಿನ ಕಳೆದ ಮೇಲೆ ಅವಳ ತಂಗಿ ಬಂದಳು.

“ಅಕ್ಕ ಹಲಗೆ ಮೇಲಿಂದ ಬಿದ್ಳ್ರಾ. ಕಾಲು ಅಲ್ಲಾಡೂದೇ ಇಲ್ಲ. ಮೇಸ್ತ್ರಿಗೆ ನಿಮ್ಮ ಚೀಟಿ ತೋರ್ಸಿ ಎರಡೆರಡು ಕಲ್ಲು ಹೊರ್ತಿದ್ಳು.”

ಅಂದೇ ಬೊಬ್ರುವಾಡಕ್ಕೆ ಹೋದೆ. ಚಾಪೆಯ ಮೇಲಿದ್ದವಳು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಸ್ವಲ್ಪ ಹಗುರಾಗುತ್ತಿದ್ದೆ.

“ತಪ್ಪು ನಂದೇ ಡಾಕ್ಟ್ರೆ. ಅವತ್ತು ಉಸಿರು ಕಟ್ಟಿ ಎಳ್ದಿದ್ದೆ. ನಿಮ್ಮ ಮುಳ್ಳಿಗೆ ಮೋಸ ಮಾಡ್ದೆ,” ಎಂದಳು.

ಅಲ್ಲ ಅಕ್ಕ, ತಪ್ಪು ನನ್ನದು ಎನ್ನಬೇಕಿತ್ತು. ಮನೆಯವರೆಲ್ಲ ಸುತ್ತ ನಿಂತಿದ್ದರು. ಆಮೇಲೆ ಅವಳು ಏಳಲಿಲ್ಲ. ಮಲಗಿ ಮಲಗಿ ಬೆನ್ನೆಲ್ಲ ಹುಣ್ಣಾಗಿ, ಮರುವರ್ಷದ ಮಳೆಗಾಲ ಮುಗಿಯುವ ಮೊದಲೇ ಹೋದಳು.

ಈಗಿನ ಯಂತ್ರಕ್ಕೆ ಮುಳ್ಳಿಲ್ಲ, ಪರದೆಯ ಮೇಲೆ ಅಂಕಿ ಮೂಡುತ್ತದೆ. ಅಳತೆ ಮಾತ್ರ ಅದೇ ಕಿಲೋ. ನಿನ್ನೆ ಬಂದರಿನಲ್ಲಿ ಮೂಟೆ ಹೊರುವವನೊಬ್ಬ ಪಟ್ಟಿ ಬಿಚ್ಚುವ ಮೊದಲೇ ಕೇಳಿದ, ಎಷ್ಟು ಕಿಲೋ ಬಂತು ಎಂದು.

“ಇದು ಹೊರುವ ಕಿಲೋ ಅಲ್ಲ,” ಎಂದೆ.

ನಾಲ್ಕೇ ಶಬ್ದ. ಈಗ ಬಂದವರಿಗೆಲ್ಲ ಹೇಳುತ್ತೇನೆ. ಅಕ್ಕನಿಗೆ ಹೇಳಲಿಲ್ಲ.