ಅವ್ವನ ಕುತ್ತಿಗೆಯ ಗೂಟ

ಕಲಬುರಗಿಯ ಆ ಸಣ್ಣ ವಯಸ್ಸಿನ ಡಾಕ್ಟರು ಅವ್ವನ ಕುತ್ತಿಗೆಯ ಎರಡು ಎಕ್ಸ್‌ರೇಗಳನ್ನು ಬೆಳಕಿಗೆ ಹಿಡಿದರು. ಒಂದು ತಲೆ ನೆಟ್ಟಗಿದ್ದಾಗ ತೆಗೆದದ್ದು, ಇನ್ನೊಂದು ಬಗ್ಗಿಸಿದಾಗ. ಮೊದಲನೆಯದರಲ್ಲಿ ಕೂಡಿಕೊಂಡೇ ಇದ್ದ ಮೇಲಿನ ಎರಡು ಎಲುಬುಗಳ ನಡುವೆ ಎರಡನೆಯದರಲ್ಲಿ ಸಂದು ಬಿದ್ದಿತ್ತು.

"ಮ್ಯಾಲಿನ ಎಲುಬು ಉಂಗುರ ಇದ್ದಂಗ್ರಿ. ಕೆಳಗಿನ ಎಲುಬಿನಾಗಿಂದ ಒಂದು ಗೂಟ ಎದ್ದು ಅದರೊಳಗ ನಿಂತಿರ್ತದ. ತಲಿ ತಿರುಗೋದೇ ಅದರ ಸುತ್ತ. ಸಂಧಿವಾತ ಅದರ ಕಟ್ಟು ತಿಂದದ. ಗೂಟದ ಹಿಂದೇ ಬೆನ್ನುಹುರಿ ಅದ," ಎಂದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. ವರ್ಷಾ ವರ್ಷ ಬೋರ್ಡಿನ ಮೇಲೆ ಬೆನ್ನೆಲುಬು ಬರೆದು, ಮೂವತ್ಮೂರು ಎಂದು ಬಾಯಿಪಾಠ ಮಾಡಿಸಿ ಕೈ ಝಾಡಿಸಿಕೊಂಡವಳು. ತಲೆ ಯಾವುದರ ಮೇಲೆ ತಿರುಗುತ್ತದೆಂದು ಒಂದು ದಿನವೂ ಕೇಳಿಕೊಂಡಿರಲಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅವ್ವ ಮಾತ್ರ, "ಬೀಸುಕಲ್ಲಿನ ಗೂಟ ಸಡ್ಲಾಗ್ಯಾದ ಅನ್ರಿ," ಎಂದುಬಿಟ್ಟಳು. ನನಗೆ ನಾಚಿಕೆಯಾಯಿತು.

ಇದು ತೊಂಬತ್ತರ ದಶಕದ ಮಾತು. ಅಲ್ಲಿಯವರೆಗೆ ಅವ್ವ ತನ್ನೂರ ಹತ್ತಿರದ ಕಮಲಾಪುರದ ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ನುಂಗುತ್ತ ಹತ್ತು ವರ್ಷ ದೂಡಿದ್ದಳು. ಬೆರಳುಗಳು ಸೊಟ್ಟಗಾಗುತ್ತಿದ್ದರೂ ನೋವು ಇಳಿದರೆ ರೋಗ ಇಳಿಯಿತೆಂದೇ ನಾವೆಲ್ಲ ನಂಬಿದ್ದೆವು, ವಿಜ್ಞಾನದ ಟೀಚರೂ ಸೇರಿ. ಆ ಗುಳಿಗೆ ನೋವನ್ನಷ್ಟೇ ಮುಚ್ಚಿಡುತ್ತದೆ, ಸವೆತವನ್ನು ನಿಲ್ಲಿಸುವುದಿಲ್ಲ ಎಂದು ಡಾಕ್ಟರು ಬೇರೆ ಔಷಧಿ ಬರೆದರು. ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ. ಬಿದ್ದ ಸಂದು ಇದರಿಂದ ಮುಚ್ಚುವುದಿಲ್ಲ, ದೊಡ್ಡದಾಗದಂತೆ ತಡೆಯಬಹುದು. ದೊಡ್ಡದಾದರೆ ಕೈಕಾಲಿನ ಶಕ್ತಿಯೇ ಹೋಗಬಹುದು. ಮುಂದಕ್ಕೆ ತಲೆ ಬಗ್ಗಿಸುವಂತಿಲ್ಲ.

ಬಗ್ಗದಿರುವುದೇ ಅವ್ವನಿಗೆ ದೊಡ್ಡ ಕಷ್ಟ. ಹಿರಿಯರು ಕಂಡರೆ ಪಾದಕ್ಕೆ ಹಣೆ ಹಚ್ಚಿಯೇ ಮಾತು ಶುರು ಮಾಡುವವಳು. "ದೇವ್ರ ಮುಂದ ಸೆಟದು ನಿಂದ್ರು ಅಂತಿ ಏನ?" ಎಂದು ನನ್ನನ್ನೇ ಬೈದಳು.

ಗುಳಿಗೆಗೆ ಅವಳು ಸೋಮವಾರ ಗೊತ್ತು ಮಾಡಿದಳು. ಮೊದಲಿನಿಂದಲೂ ಅವಳು ಸೋಮವಾರದ ವ್ರತ ಹಿಡಿದವಳು. ತಲೆಸ್ನಾನ, ಪೂಜೆ, ಸಂಜೆ ಒಂದೇ ಊಟ. ಆ ಊಟದ ಮೇಲೆ ಗುಳಿಗೆ. ಕಲಬುರಗಿಯ ಬ್ರಹ್ಮಪುರದ ನನ್ನ ಮನೆಯಿಂದ ಊರಿಗೆ ಹೋದಾಗಲೆಲ್ಲ ಅನುಮಾನದಿಂದ ಗುಳಿಗೆಯ ಪಟ್ಟಿ ತೆಗೆದು ಎಣಿಸುತ್ತಿದ್ದೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಒಮ್ಮೆ ಎಡವಟ್ಟಾಯಿತು. ದಾಯಾದಿಗಳಲ್ಲಿ ಒಬ್ಬರು ತೀರಿಕೊಂಡು ಸೂತಕ ಬಂತು. ಸೂತಕದಲ್ಲಿ ವಾರ ನಡೆಯುವುದಿಲ್ಲವೆಂದು ಎರಡು ಸೋಮವಾರ ಗುಳಿಗೆಯನ್ನೂ ಬಿಟ್ಟಿದ್ದಳು. ನಾನು ಹೋದಾಗ ಮಣಿಕಟ್ಟುಗಳು ಬಾತಿದ್ದವು. "ಗುಳಿಗಿಗೆ ಎಲ್ಲಿ ಸೂತಕ ಯವ್ವಾ?" ಎಂದು ರೇಗಿದೆ. "ಹಂಗಂತ ಮೊದಲ ಹೇಳಬೇಕಿಲ್ಲ?" ಎಂದಳು. ಅವಳದೇನು ತಪ್ಪು? ಆಮೇಲೆ ಸೂತಕ ಬರಲಿ, ಗ್ರಹಣ ಬರಲಿ, ಗುಳಿಗೆ ತಪ್ಪಲಿಲ್ಲ.

ಮೂರು ವರ್ಷದ ಮೇಲೆ ಮತ್ತೆ ಎರಡು ಎಕ್ಸ್‌ರೇ ತೆಗೆಸಿದೆವು. ಡಾಕ್ಟರು ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಸ್ಕೇಲಿನಿಂದ ಅಳೆದರು.

"ಇದ್ದಲ್ಲೇ ಅದ. ಒಂದು ಕೂದಲೆಳಿಯಷ್ಟೂ ಸರದಿಲ್ಲ," ಎಂದರು.

ವಾರಕ್ಕೊಮ್ಮೆ ನುಂಗಿದ ಆ ಹಳದಿ ಚೂರು, ಯಾರ ಕಣ್ಣಿಗೂ ಬೀಳದ ಜಾಗಕ್ಕೆ ಹೋಗಿ, ಆ ಗೂಟವನ್ನು ಕಾದಿತ್ತು. ಕಣ್ಣು ಒರೆಸಿಕೊಂಡು ನೋಡುತ್ತೇನೆ, ಅವ್ವ ಕುರ್ಚಿಯಿಂದೆದ್ದು ಡಾಕ್ಟರ ಪಾದಕ್ಕೆ ಬಗ್ಗುತ್ತಿದ್ದಾಳೆ.

ಡಾಕ್ಟರು ಎರಡೂ ಅಂಗೈಯಲ್ಲಿ ಅವಳ ಹಣೆ ತಡೆದು, ಮೆಲ್ಲಗೆ ಮೇಲೆತ್ತಿ ನಿಲ್ಲಿಸಿದರು. "ಬಗ್ಗೋದು ನನಗ ಬಿಡ್ರಿ ಯವ್ವಾ," ಎಂದು ತಾವೇ ಬಗ್ಗಿ ಅವಳ ಪಾದ ಮುಟ್ಟಿದರು. ಬಗ್ಗಿದ ಆ ಕುತ್ತಿಗೆಯಲ್ಲಿ ಎಲುಬೊಂದು ಚರ್ಮದಡಿ ಎದ್ದು ಕಾಣುತ್ತಿತ್ತು. ಎಷ್ಟು ಸಲೀಸಾಗಿ ಬಗ್ಗಿ, ಎಷ್ಟು ಸಲೀಸಾಗಿ ಎದ್ದರು! ನಾನು ನೋಡುತ್ತಲೇ ನಿಂತೆ, ನನ್ನ ಕೈ ನನಗೆ ಗೊತ್ತಿಲ್ಲದೆ ನನ್ನದೇ ಕುತ್ತಿಗೆಯ ಹಿಂದೆ ಹೋಗಿತ್ತು.