ಚಿಪ್ಪಿನ ಬಾಗಿಲಲ್ಲಿ ಹಳದಿ ಮೀನು

ನಮ್ಮ ಹಲ್ಲಿನ ಕ್ಲಿನಿಕ್ಕಿಗೆ ಬರುವವರೆಲ್ಲ ಅವರನ್ನು ಕೌಂಟರ್ ಅಕ್ಕ ಎಂದೇ ಕರೆಯುತ್ತಿದ್ದರು. ಬಂದವರ ಹೆಸರು ಬರೆದುಕೊಳ್ಳುವುದು, ಫೋನ್ ಎತ್ತುವುದು, ಹೆದರಿ ಬಾಗಿಲಿಂದಲೇ ವಾಪಸ್ ಹೊರಟವರನ್ನು ಮಾತಾಡಿಸಿ ಕೂರಿಸುವುದು ಅವರ ಕೆಲಸ. ನಾನು ಹಿಂದಿನ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುವವನು. ನನ್ನನ್ನು ಅಕ್ಕ ಹಲ್ಲಣ್ಣ ಎನ್ನುತ್ತಿದ್ದರು. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ ನನ್ನ ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾಳೆ.

ಅಕ್ಕನಿಗೊಂದು ಚಾಳಿಯಿತ್ತು. ಯಾವುದನ್ನೂ ಅದು ಹಂಗೇ ಎಂದು ಬಿಡುವವರಲ್ಲ. ಕಟ್ಟಡದ ಲಿಫ್ಟ್ ಕೆಟ್ಟರೆ ರಿಪೇರಿಯವನ ಪಕ್ಕ ನಿಂತು, ಯಾಕೆ ಕೆಟ್ಟಿತು, ಈಗ ಏನು ಹಾಕಿದೆ ಎಂದು ಕೇಳಿಕೊಂಡೇ ಮೇಲೆ ಬರುವರು. "ನೀವೇನು ಲಿಫ್ಟ್ ಅಂಗಡಿ ಇಡ್ಬೇಕಾ?" ಎಂದು ನಾನು ರೇಗಿಸಿದರೆ, "ದಿನಾ ಅದರ ಹೊಟ್ಟೆಯೊಳಗೆ ನಿಂತು ಬರ್ತೀವಿ, ಒಂದು ಮಾತು ವಿಚಾರಿಸೋದು ಬೇಡ್ವಾ?" ಎನ್ನುವರು.

ಕಾಯುವವರ ಹೆದರಿಕೆ ಕಡಿಮೆಯಾಗಲಿ ಎಂದು ಡಾಕ್ಟರಮ್ಮ ಒಂದು ವರ್ಷ ಹೊರಗಿನ ಕೋಣೆಗೆ ಮೀನಿನ ತೊಟ್ಟಿ ತರಿಸಿದರು. ಮೀನಿನಂಗಡಿಯವನು ಬಂದು ಮರಳು ಹರವಿದ, ಗಿಡ ನೆಟ್ಟ, ಒಂದು ಮರದ ಬೇರು ಇಟ್ಟ. ನೀಲಿ ಚುಕ್ಕೆಯ ಪುಟ್ಟ ಮೀನುಗಳನ್ನು ಬಿಟ್ಟು, "ಇವು ಕುಬ್ಜ ಸಿಕ್ಲಿಡ್ ಜಾತಿ. ಸ್ವಲ್ಪ ನಾಜೂಕು, ನೋಡ್ಕೊಳ್ಳಿ" ಎಂದು ಹೋದ. ನಾಜೂಕು ಎಂದರೆ ಎಷ್ಟು ಎಂದು ನಮಗೆ ಗೊತ್ತಿರಲಿಲ್ಲ. ತಿಂಗಳು ತುಂಬುವುದರೊಳಗೆ ಎಲ್ಲವೂ ಒಂದೊಂದಾಗಿ ಸತ್ತವು. ಸತ್ತ ಮೀನು ನೋಡಿ ಹಲ್ಲು ಕೀಳಿಸಿಕೊಳ್ಳಲು ಬಂದವರ ಮುಖ ಇನ್ನಷ್ಟು ಬಿಳಿಚಿತು. ಡಾಕ್ಟರಮ್ಮನಿಗೂ ಸಾಕಾಯಿತು. "ಪ್ಲಾಸ್ಟಿಕ್ ಮೀನು ಬರ್ತವಂತೆ, ಅದನ್ನೇ ಹಾಕೋಣ" ಎಂದರು.

"ಹಾಕೋಣ ಮೇಡಂ," ಎಂದರು ಅಕ್ಕ. "ಆದ್ರೆ ಇವು ಯಾಕೆ ಸತ್ತವು ಅಂತ ಗೊತ್ತಾಗ್ಲಿ ಮೊದಲು."

ಅವತ್ತು ಕೆಲಸ ಮುಗಿದ ಮೇಲೆ ನೇರ ಮೀನಿನಂಗಡಿಗೆ ಹೋದರು. ಮರುದಿನ ನನ್ನ ಕೋಣೆಯ ಬಾಗಿಲಲ್ಲಿ ನಿಂತು, ನಗಬೇಕೋ ಅಳಬೇಕೋ ತಿಳಿಯದ ಮುಖದಲ್ಲಿ ಹೇಳಿದರು: "ಹಲ್ಲಣ್ಣ, ನಾವು ಅವನ್ನ ತೊಳೆದು ತೊಳೆದು ಕೊಂದಿದ್ದೀವಿ."

ಆಗಿದ್ದಿಷ್ಟು. ಕ್ಲಿನಿಕ್ಕು ಗುಡಿಸಿ ಒರೆಸುವ ನಮ್ಮ ಆಯಾಳ ಕೈ ಬಲು ಚೊಕ್ಕಟ. ವಾರಕ್ಕೊಮ್ಮೆ ತೊಟ್ಟಿಯ ನೀರೆಲ್ಲ ಬಸಿದು, ಫಿಲ್ಟರಿನ ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಿ ಹೊಸದರಂತೆ ಮಾಡಿ, ಹೊಸ ನೀರು ತುಂಬುತ್ತಿದ್ದಳು. ಮೀನಿನ ಕೊಳೆಯನ್ನು ತಿಂದು ನೀರನ್ನು ಹದವಾಗಿಡುವ ಕ್ರಿಮಿಗಳು ಇರುವುದೇ ಆ ಸ್ಪಂಜಿನ ಜಿಡ್ಡಿನಲ್ಲಿ. ಅವು ಹೋದವು, ನೀರು ವಿಷವಾಯಿತು.

"ಒಳಗಡೆ ಡಾಕ್ಟರಮ್ಮ ದಿನವಿಡೀ ಕ್ರಿಮಿ ಕೊಲ್ತಾರೆ, ಹೊರಗಡೆ ನಾನು ಕ್ರಿಮಿ ಸಾಕ್ಬೇಕು. ಒಂದೇ ಸೂರಿನ ಕೆಳಗೆ," ಎಂದರು. ಆಯಾಗೆ ಬೈಯಲಿಲ್ಲ. ಸ್ಪಂಜನ್ನು ತೊಟ್ಟಿಯ ನೀರಲ್ಲೇ ಮೆಲ್ಲಗೆ ಅದ್ದಿ ತೆಗೆಯುವುದನ್ನು ತೋರಿಸಿಕೊಟ್ಟರು. ಅವಳಿಗೆ ಮಾತ್ರ ಅದು ಬಹಳ ದಿನ ಅಸಹ್ಯವಾಗೇ ಇತ್ತು.

ಮುಂದೆ ಕೆಲವು ವಾರ ಆ ತೊಟ್ಟಿಯಲ್ಲಿ ಗಿಡಗಳು ಬಿಟ್ಟರೆ ಏನೂ ಇರಲಿಲ್ಲ. ಸ್ಪಂಜಿನಲ್ಲಿ ಆ ಕ್ರಿಮಿಗಳು ಮತ್ತೆ ಬೆಳೆಯಲಿ ಎಂದು ಅಕ್ಕ ಕಾಯುತ್ತಿದ್ದರು. ಈ ಜಾತಿಗೆ ಗಡಸು ನೀರು ಆಗುವುದಿಲ್ಲವಂತೆ, ಮೆದು ನೀರು ಬೇಕಂತೆ ಎಂದು ತಿಳಿದಾಗ, ಸಲಕರಣೆ ಬೇಯಿಸುವ ಯಂತ್ರಕ್ಕೆಂದು ನಾವು ತಯಾರಿಸುವ ಡಿಸ್ಟಿಲ್ಡ್ ನೀರನ್ನು ನಲ್ಲಿ ನೀರಿಗೆ ಬೆರೆಸಲು ಡಾಕ್ಟರಮ್ಮನನ್ನು ಒಪ್ಪಿಸಿದರು. ಅದೂ ಇವಕ್ಕೆ ಹಿತವಂತೆ ಎಂದು ಉದುರಿದ ಒಣ ಎಲೆಗಳನ್ನು ತಂದು ಹಾಕಿದರು, ನೀರು ತೆಳು ಚಹಾದ ಬಣ್ಣಕ್ಕೆ ತಿರುಗಿತು. ನಾನೂ ಸುಮ್ಮನಿರಲಾರದೆ ಹಲ್ಲಿನ ಅಚ್ಚಿಗೆ ಬಳಸುವ ಪ್ಲಾಸ್ಟರಿನಲ್ಲಿ ಒಂದು ಪುಟ್ಟ ಗುಹೆ ಮಾಡಿ, ಮೇಲೆ ಕಲ್ಲಿನಂತೆ ಗೀರು ಹಾಕಿ ಕೊಟ್ಟೆ. ಅಕ್ಕ ತಿರುಗಿಸಿ ತಿರುಗಿಸಿ ನೋಡಿ ಮೆಚ್ಚಿದರು. ಆಮೇಲೆ ವಿಚಾರಿಸಿಕೊಂಡು ಬಂದು, "ಪ್ಲಾಸ್ಟರು ಕರಗಿ ನೀರು ಗಡಸಾಗುತ್ತಂತೆ ಅಣ್ಣ, ತಪ್ಪು ತಿಳ್ಕೋಬೇಡಿ" ಎಂದು ಅದನ್ನು ಕೌಂಟರಿನ ಮೇಲೆ ಪೆನ್ನು ಚುಚ್ಚಿಡಲು ಇಟ್ಟುಕೊಂಡರು. ತೊಟ್ಟಿಗೆ ಒಂದು ತೆಂಗಿನ ಚಿಪ್ಪು ಬಂತು, ಅಂಚಿನಲ್ಲಿ ಒಂದು ಸಣ್ಣ ಬಾಗಿಲು ಕೊರೆದದ್ದು.

ಅದೇ ಸಮಯಕ್ಕೆ ಅಕ್ಕನ ಅತ್ತೆಯ ಹಲ್ಲುಗಳನ್ನೆಲ್ಲ ತೆಗೆಯಬೇಕಾಗಿ ಬಂತು. ವಸಡು ಮಾಗಿದ ಮೇಲೆ ನಾನು ಸೆಟ್ಟು ಮಾಡಬೇಕು. ಅಲ್ಲಿಯವರೆಗೆ ಅವರು ಬೊಚ್ಚುಬಾಯಿ. ಮಗ, ಅಂದರೆ ಅಕ್ಕನ ಗಂಡ, ಲಾರಿ ಓಡಿಸುವವನು, ಹೋದರೆ ವಾರಗಟ್ಟಲೆ ಬರುವುದಿಲ್ಲ. ಮನೆಯಲ್ಲಿ ಒಬ್ಬರನ್ನೇ ಬಿಟ್ಟರೆ ಅವರು ಗಂಜಿಯನ್ನೂ ಕುಡಿಯದೆ ಕೂರುತ್ತಿದ್ದರು, ಬಾಗಿಲು ಬಡಿದರೆ ತೆಗೆಯುತ್ತಿರಲಿಲ್ಲ. ಹೀಗಾಗಿ ಅಕ್ಕ ದಿನಾ ಜೊತೆಯಲ್ಲೇ ಕರೆತಂದು ತೊಟ್ಟಿಯ ಪಕ್ಕದ ಮೂಲೆ ಕುರ್ಚಿಯಲ್ಲಿ ಕೂರಿಸತೊಡಗಿದರು.

ಅತ್ತೆ ಸೊಸೆ ಜಗಳವಾಡಿದವರಲ್ಲ. ಮಾತಾಡಿದವರೂ ಅಲ್ಲ. ಊಟ ಆಯ್ತಾ, ಆಯ್ತು. ಬಾಗಿಲು ಹಾಕಿದ್ಯಾ, ಹಾಕಿದೆ. ಮದುವೆಯಾದಂದಿನಿಂದ ಅಷ್ಟರಲ್ಲೇ ಸಂಸಾರ ಸಾಗಿತ್ತು. ಈಗ ಅತ್ತೆ ಕರವಸ್ತ್ರ ಬಾಯಿಗೆ ಅಡ್ಡ ಹಿಡಿದು, ಯಾರ ಮುಖವನ್ನೂ ನೋಡಲಾರದೆ ತೊಟ್ಟಿಯ ಕಡೆ ತಿರುಗಿ ಕೂರುತ್ತಿದ್ದರು.

ನೀರು ಹದಕ್ಕೆ ಬಂದ ಮೇಲೆ ಅಕ್ಕ ಇನ್ನೊಂದು ಬಗೆಯ ಕುಬ್ಜ ಸಿಕ್ಲಿಡ್ ಜೋಡಿ ತಂದರು. ಗಂಡು ಹೆಬ್ಬೆರಳಿನಷ್ಟುದ್ದ, ಬೆನ್ನಿನ ರೆಕ್ಕೆ ಕೋಳಿಯ ಜುಟ್ಟಿನ ಹಾಗೆ ಎದ್ದು ನಿಂತಿತ್ತು. ಹೆಣ್ಣು ಅದರ ಅರ್ಧ, ಮಾಸಿದ ಬೂದು ಬಣ್ಣ. ಬಿಟ್ಟಿದ್ದೇ ತಡ, ಎರಡೂ ಬೇರಿನ ಹಿಂದೆ ನುಗ್ಗಿ ಮಾಯವಾದವು. ದಿನಗಳಾದರೂ ಹೊರಬರಲಿಲ್ಲ. ಕಾಯುತ್ತ ಕೂತವರು ಬಗ್ಗಿ ನೋಡಿ, "ಏನಕ್ಕ, ಬರೀ ನೀರು ಸಾಕಿದ್ದೀರಾ?" ಎಂದು ಕೇಳುವರು.

ಅಕ್ಕ ಮತ್ತೆ ಅಂಗಡಿಗೆ ಹೋದರು. ಅಂಗಡಿಯವನು ಕಡ್ಡಿಯಷ್ಟು ತೆಳ್ಳಗಿನ, ಗುಂಪಿನಲ್ಲಿ ಓಡಾಡುವ ಮೀನುಗಳನ್ನು ಕೊಟ್ಟು, ಇವನ್ನು ಮೇಲೆ ಬಿಡಿ ಎಂದ. ಬಿಟ್ಟ ಮರುದಿನವೇ ಜುಟ್ಟಿನ ಮೀನು ಹೊರಗೆ ಮುಖ ಹಾಕಿತು, ಸಂಜೆಗೆ ಹೆಣ್ಣೂ ಬಂತು. ಮೇಲೆ ಚಿಕ್ಕವು ನಿಶ್ಚಿಂತೆಯಾಗಿ ಓಡಾಡುವುದು ಕಂಡರೆ ಬೇಟೆಯಾಡುವವರು ಹತ್ತಿರ ಯಾರೂ ಇಲ್ಲ ಎಂದು ಕೆಳಗಿನವಕ್ಕೆ ಗೊತ್ತಾಗುತ್ತದಂತೆ. ಅಕ್ಕ ಇದನ್ನು ಬಂದವರಿಗೆಲ್ಲ ಹೇಳಿದರು. ಹಲ್ಲುನೋವಿನವರು ಕೆನ್ನೆ ಹಿಡಿದುಕೊಂಡೇ ಕೇಳಿಸಿಕೊಂಡರು.

ಆಮೇಲೆ ನಡೆದದ್ದು ನಮ್ಮನ್ನೆಲ್ಲ ಕಂಗೆಡಿಸಿತು. ಒಂದು ಬೆಳಿಗ್ಗೆ ಬಂದು ನೋಡಿದರೆ ಬೂದು ಬಣ್ಣದ ಹೆಣ್ಣು ಅಪ್ಪಟ ಹಳದಿಯಾಗಿತ್ತು, ಕಣ್ಣಿನ ಬಳಿ ಕಾಡಿಗೆ ತೀಡಿದಂತೆ ಕಪ್ಪು ಗೆರೆ. ತನಗಿಂತ ಎರಡು ಪಟ್ಟು ದೊಡ್ಡ ಗಂಡನ್ನು ತೊಟ್ಟಿಯ ತುಂಬ ಅಟ್ಟಾಡಿಸುತ್ತಿತ್ತು. ಗಂಡಿನ ಜುಟ್ಟು ಹರಿದು, ಅದು ಫಿಲ್ಟರಿನ ಸಂದಿಯಲ್ಲಿ ಅಡಗಿತ್ತು.

"ಇದಕ್ಕೇನೋ ರೋಗ," ಎಂದರು ಡಾಕ್ಟರಮ್ಮ. "ಬೇರೆ ಮಾಡಿ, ಇಲ್ಲಾಂದ್ರೆ ಗಂಡನ್ನ ಕೊಂದೇ ಹಾಕುತ್ತೆ."

ಅಕ್ಕ ಬಲೆ ತಂದರು. ಆಗ ಮೂಲೆಯಿಂದ, ಕರವಸ್ತ್ರದ ಹಿಂದಿನಿಂದ, ಗಾಳಿ ತುಂಬಿದ ಮಾತು ಬಂತು.

"ಮುಟ್ಬೇಡ ಕಣೇ. ಅವಳು ಜಗಳ ಆಡ್ತಿಲ್ಲ, ಬಾಗಿಲು ಕಾಯ್ತಿದ್ದಾಳೆ."

ಎಲ್ಲರೂ ತಿರುಗಿ ನೋಡಿದೆವು. ಅತ್ತೆ ಕರವಸ್ತ್ರ ಇನ್ನಷ್ಟು ಒತ್ತಿಕೊಂಡು, "ಎಲ್ಲಿಗೆ ಓಡಿದ್ರೂ ಆ ಚಿಪ್ಪಿಗೇ ವಾಪಸ್ ಬರ್ತಾಳೆ. ನಿನ್ನೆಯಿಂದ ನೋಡ್ತಿದ್ದೀನಿ," ಎಂದರು.

ಚಿಪ್ಪಿನೊಳಗೆ ನೋಡುವುದು ಹೇಗೆ? ಅಕ್ಕ ಗೀರು ಬಿದ್ದು ಮೂಲೆಗೆ ಸೇರಿದ್ದ ಒಂದು ಬಾಯಿಕನ್ನಡಿ, ದವಡೆ ಹಲ್ಲು ನೋಡಲು ಡಾಕ್ಟರು ಬಳಸುವ ಉದ್ದ ಕಡ್ಡಿಯ ಪುಟ್ಟ ಕನ್ನಡಿ, ಅದನ್ನು ಕೇಳಿ ಪಡೆದರು. ಚೆನ್ನಾಗಿ ತೊಳೆದು ಚಿಪ್ಪಿನ ಬಾಗಿಲಲ್ಲಿ ತೂರಿಸಿದರು. ನಾನು ಟಾರ್ಚು ಹಿಡಿದೆ. ಹಳದಿ ಮೀನು ಕನ್ನಡಿಯನ್ನು ಟಕ್ಕೆಂದು ಕುಟುಕಿತು. ಚಿಪ್ಪಿನ ಒಳಮಾಡಿನಲ್ಲಿ ಸಾಸಿವೆಗಿಂತ ಚಿಕ್ಕ ಕೆಂಪು ಕಾಳುಗಳು ಸಾಲಾಗಿ ಅಂಟಿಕೊಂಡಿದ್ದವು.

"ಅತ್ತೆ, ಬನ್ನಿ, ನೋಡಿ," ಎಂದರು ಅಕ್ಕ. ಅತ್ತೆ ಎದ್ದು ಬಂದರು. ನೋಡುವ ಭರದಲ್ಲಿ ಕರವಸ್ತ್ರ ಕೈಯಲ್ಲೇ ಉಳಿಯಿತು.

ಆದರೆ ಎರಡು ದಿನ ಕಳೆದ ಮೇಲೆ ಕನ್ನಡಿ ಇಟ್ಟರೆ ಚಿಪ್ಪು ಖಾಲಿ. ಹೆಣ್ಣು ಮತ್ತೆ ಬೂದುಬಣ್ಣಕ್ಕೆ ಇಳಿದಿತ್ತು. ಮುಂದಿನ ಸಲವೂ ಹಾಗೇ ಆಯಿತು. ಮೊಟ್ಟೆ ತಿಂದವರು ಯಾರು ಎಂಬುದೇ ಈಗ ಕ್ಲಿನಿಕ್ಕಿನ ದೊಡ್ಡ ಪ್ರಶ್ನೆ. ಡಾಕ್ಟರಮ್ಮ ಗಂಡಿನ ಮೇಲೆ ಅನುಮಾನಪಟ್ಟರು. ನಾನು ಗಾಜಿಗೆ ಅಂಟಿದ್ದ ಬಸವನಹುಳುಗಳ ಮೇಲೆ. ಆಯಾ ಮಾತ್ರ, ಕೊಳಕು ನೀರಿನಲ್ಲಿ ಇನ್ನೇನಾಗುತ್ತೆ ಎಂದಳು. ಅಕ್ಕ ಮತ್ತು ಅತ್ತೆ ಸಂಜೆ ಬಸ್ಸಿನಲ್ಲಿ ಮನೆಗೆ ಹೋಗುವಾಗ ಇದನ್ನೇ ಮಾತಾಡುತ್ತಿದ್ದರಂತೆ. ಒಮ್ಮೆ ಚರ್ಚೆಯಲ್ಲಿ ಇಳಿಯುವ ನಿಲ್ದಾಣವೇ ದಾಟಿಹೋಯಿತೆಂದು ಅಕ್ಕ ನನಗೆ ಹೇಳಿದಾಗ ನಂಬುವುದು ಕಷ್ಟವಾಯಿತು.

ಕಂಡುಹಿಡಿದವರು ಅತ್ತೆಯೇ. ಅವರ ಕುರ್ಚಿ ಒರಗಿದ್ದ ಗೋಡೆಯ ಆ ಬದಿಯಲ್ಲಿ ಡಾಕ್ಟರಮ್ಮನ ಯಂತ್ರಕ್ಕೆ ಗಾಳಿ ಒತ್ತುವ ಕಂಪ್ರೆಸರ್ ಇತ್ತು. ಅದು ಶುರುವಾದಾಗಲೆಲ್ಲ ಗೋಡೆ ಗುಡುಗುಡು ಎನ್ನುತ್ತಿತ್ತು. ನಮಗೆ ಅಭ್ಯಾಸವಾಗಿ ಕೇಳಿಸುತ್ತಲೇ ಇರಲಿಲ್ಲ. ಅತ್ತೆಗೆ ಬೆನ್ನಿಗೆ ಬಡಿಯುತ್ತಿತ್ತು. ಮೂರನೆಯ ಸಲ ಮೊಟ್ಟೆಯಿಟ್ಟಾಗ ಅವರು ಕಣ್ಣು ಕದಲಿಸದೆ ಕೂತರು. ಕಂಪ್ರೆಸರ್ ಗುಡುಗಿತು, ಹಳದಿ ಮೀನು ಬೆಚ್ಚಿ ಚಿಪ್ಪಿನೊಳಗೆ ನುಗ್ಗಿತು, ಬಾಯಿ ಆಡಿಸುತ್ತ ಹೊರಬಂತು. ಮತ್ತೊಮ್ಮೆ ಗುಡುಗಿತು, ಮತ್ತೆ ಅದೇ.

"ತಿಂತಿರೋದು ಅವಳೇ," ಎಂದರು ಅತ್ತೆ.

ಅಕ್ಕನ ಮುಖ ಇಳಿದುಹೋಯಿತು. ಅಷ್ಟು ಕಾದವಳು, ಗಂಡನ ಜುಟ್ಟು ಹರಿದವಳು! "ಇದೆಂಥಾ ತಾಯಿ, ಅತ್ತೆ?"

"ಹಂಗನ್ಬೇಡ," ಎಂದರು ಅತ್ತೆ. ಗಾಜನ್ನೇ ನೋಡುತ್ತ, "ಹೆದರಿಕೆ ಇರೋ ಮನೇಲಿ ಬಸಿರು ನಿಲ್ಲಲ್ಲ ಕಣೇ. ನನಗೆ ಗೊತ್ತು," ಎಂದರು.

ನಾನು ಅಲ್ಲೇ ಇದ್ದೆ. ಲಿಫ್ಟಿನವನನ್ನೂ ಬಿಡದ ಅಕ್ಕ ಈಗ ಕೇಳಿಯೇ ಕೇಳುತ್ತಾರೆ ಎಂದುಕೊಂಡೆ. ಅವರು ಕೇಳಲಿಲ್ಲ. ಅತ್ತೆಯ ಕುರ್ಚಿಯ ಕೈ ಮೇಲೆ ಕೈಯಿಟ್ಟರು. ಆಮೇಲೆ ನೇರ ಒಳಗೆ ಹೋಗಿ, ಕಂಪ್ರೆಸರ್ ಆ ಗೋಡೆಯಿಂದ ದೂರ ಹೋಗಬೇಕು ಎಂದು ಡಾಕ್ಟರಮ್ಮನಿಗೆ ಹೇಳಿದರು. ಅವರ ದನಿ ಕೇಳಿ ಡಾಕ್ಟರಮ್ಮ ಮೀನಿಗೋಸ್ಕರವಾ ಎಂದು ಕೂಡ ಕೇಳಲಿಲ್ಲ. ಆ ಭಾನುವಾರ ನಾನೂ ಒಬ್ಬ ಮೆಕ್ಯಾನಿಕ್ಕೂ ಸೇರಿ ಅದನ್ನು ಹಿಂದಿನ ಬಾಲ್ಕನಿಗೆ ಸಾಗಿಸಿ, ಕೆಳಗೆ ಹಳೇ ಟೈರಿನ ತುಂಡುಗಳನ್ನು ಕೊಟ್ಟು ಕೂರಿಸಿದೆವು.

ಮುಂದಿನ ಮೊಟ್ಟೆಗಳು ಉಳಿದವು. ಮೊದಲು ಚಿಪ್ಪಿನೊಳಗೆ ಮಿಸುಕಾಡುವ ಒಂದು ಮುದ್ದೆ, ಕೆಲವು ದಿನದ ಮೇಲೆ ಹೊರಗೆ ಒಂದು ಸಣ್ಣ ಮೋಡ. ಧೂಳಿನ ಕಣಗಳಿಗೆ ಕಣ್ಣು ಬಂದ ಹಾಗೆ. ಮುಂದೆ ಹಳದಿ ಮೀನು, ಹಿಂದೆ ಆ ಮೋಡ. ಯಾರಾದರೂ ಗಾಜಿಗೆ ಮುಖ ತಂದರೆ ತಾಯಿ ಮೈಯನ್ನೊಮ್ಮೆ ಅದುರಿಸುತ್ತಿತ್ತು, ಮರಿಗಳೆಲ್ಲ ಮರಳಿಗೆ ಬಿದ್ದು ಕಾಣದಾಗುತ್ತಿದ್ದವು. ಅಪಾಯ ಹೋದ ಮೇಲೆ ಮತ್ತೊಂದು ಬಗೆಯ ಅದುರು, ಮೋಡ ಮತ್ತೆ ಏಳುತ್ತಿತ್ತು. ಇದನ್ನು ನೋಡುತ್ತ ಒಬ್ಬರು ತಮ್ಮ ಹೆಸರು ಕರೆದದ್ದನ್ನೇ ಕೇಳಿಸಿಕೊಳ್ಳಲಿಲ್ಲ. ಅಕ್ಕ ಕೌಂಟರಿನ ಕೆಳಗೆ ಬಾಟಲಿಯಲ್ಲಿ ಉಪ್ಪುನೀರು ಹಾಕಿ ಪುಡಿಯಂಥ ಸೀಗಡಿ ಮೊಟ್ಟೆಗಳನ್ನು ಮರಿ ಮಾಡಿಸಿ, ದಿನಕ್ಕೆ ಹಲವು ಸಲ ಮೀನಿನ ಮರಿಗಳಿಗೆ ತಿನ್ನಿಸಿದರು. ಮರಿಗಳಲ್ಲಿ ಬಹಳಷ್ಟನ್ನು ಮೇಲಿನ ಕಡ್ಡಿ ಮೀನುಗಳು ನುಂಗಿದವು. ಕೆಲವು ಬೆಳೆದವು.

ಅತ್ತೆಯ ಸೆಟ್ಟು ತಯಾರಾಯಿತು. ಹಾಕಿಕೊಂಡು, ಕನ್ನಡಿ ನೋಡಿ, "ಇದು ಯಾರದೋ ಬಾಯಿ," ಎಂದರು. ಎರಡು ಸಲ ಉಜ್ಜಿ ಸರಿಮಾಡಿದ ಮೇಲೆ ಒಗ್ಗಿತು. ಇನ್ನು ಕ್ಲಿನಿಕ್ಕಿಗೆ ಬರುವ ಕಾರಣವಿರಲಿಲ್ಲ. ಬೆಳೆದ ಮರಿಗಳಲ್ಲಿ ಕೆಲವನ್ನು ಮೀನಿನಂಗಡಿಯವನಿಗೆ ಕೊಟ್ಟು, ಉಳಿದವನ್ನು ಅಕ್ಕ ಮನೆಗೆ ಒಯ್ದರು. ಅಲ್ಲೊಂದು ತೊಟ್ಟಿ ಆಯಿತು, ಅತ್ತೆ ಅದರ ಯಜಮಾನಿ. ಹಳದಿ ಮೀನು ಮುಂದಿನ ವರ್ಷ ವಯಸ್ಸಾಗಿ ಸತ್ತಿತು. ಆ ಜಾತಿಯ ಆಯುಸ್ಸೇ ಅಷ್ಟಂತೆ. ಹೆದರಿಕೆಯ ಮನೆ ಎಂದು ಅಂದ ಆ ಮಾತಿನ ಹಿಂದಿನ ಹಳೆಯ ಕಥೆಯನ್ನು ಅತ್ತೆ ಸೊಸೆಗೆ ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಒಮ್ಮೆ ವಿಚಾರಿಸಿದೆ. "ಅವರಾಗೇ ಹೇಳಿದ್ರೆ ಕೇಳ್ತೀನಿ ಅಣ್ಣ," ಎಂದಷ್ಟೇ ಅಂದರು ಅಕ್ಕ.

ಮೊನ್ನೆ ಅತ್ತೆಯ ಸೆಟ್ಟು ಸಡಿಲವಾಗಿದೆ ಎಂದು ಅವರ ಮನೆಗೆ ಹೋಗಿದ್ದೆ. ಅಕ್ಕ ಬಾಗಿಲು ತೆಗೆದು, ತುಟಿಯ ಮೇಲೆ ಬೆರಳಿಟ್ಟು ಒಳಗೆ ಕರೆದರು. ಅತ್ತೆ ತೊಟ್ಟಿಯ ಮುಂದೆ ಮಣೆ ಹಾಕಿ ಕೂತಿದ್ದರು. ಮೀನಿನ ಊಟಕ್ಕೆಂದು ಬಿಟ್ಟ ನೀರುಚಿಗಟಗಳು, ಚುಕ್ಕೆಯಷ್ಟು ಪುಟ್ಟ ಜೀವಿಗಳು, ಒಂದು ಮೂಲೆಯಲ್ಲಿ ಗುಂಪಾಗಿ ಕುಣಿಯುತ್ತಿದ್ದವು. ಇನ್ನೂ ಒಮ್ಮೆಯೂ ಮೊಟ್ಟೆಯಿಡದ ಒಂದು ಎಳೆಯ ಹೆಣ್ಣು ಮೈಯೆಲ್ಲ ಹಳದಿಯಾಗಿ, ಅವನ್ನು ತಿನ್ನದೆ, ಹತ್ತಿರ ಬಂದ ಮೀನುಗಳನ್ನು ಅಟ್ಟುತ್ತ, ಆ ಗುಂಪಿನ ಮುಂದೆ ಮೈ ಅದುರಿಸುತ್ತಿತ್ತು.

"ಅವನ್ನ ತನ್ನ ಮರಿ ಅಂದ್ಕೊಂಡಿದ್ದಾಳೆ," ಎಂದರು ಅಕ್ಕ ಮೆಲ್ಲಗೆ.

"ಅಂದ್ಕೊಂಡಿದ್ದಾಳೋ, ಗೊತ್ತಿದ್ದೇ ಮಾಡ್ತಿದ್ದಾಳೋ," ಎಂದರು ಅತ್ತೆ. "ಹಲ್ಲು ಆಮೇಲೆ ನೋಡೋಣಪ್ಪ. ನೀನೂ ಕೂತ್ಕೋ."

ನಾನು ಚೀಲವನ್ನು ಕೆಳಗಿಟ್ಟು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ.